‘ಅಂತೆ’ಯ ಲೆಕ್ಕಕ್ಕೆ ಅಡಿಕೆ ಮಾರಬೇಕೇ? ನಮ್ಮ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರಿಗೆ ನಮಸ್ಕಾರಗಳು.

ನಾನು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಎರಡೆಕರೆ ಅಡಿಕೆ ತೋಟ ಇರುವವನು. 2022ರ ಸೆಪ್ಟೆಂಬರಿನ ಕೇಂದ್ರ ಸರ್ಕಾರದ ಅಧಿಸೂಚನೆ ನಿಮಗೆ ಗೊತ್ತೇ ಇದೆ: ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ, ಕನಿಷ್ಠ ಆಮದು ಬೆಲೆಯ (ಇದಕ್ಕಿಂತ ಅಗ್ಗದ ಮಾಲು ಒಳಗೆ ಬರಬಾರದೆಂಬ ಬೆಲೆ) ಷರತ್ತಿಲ್ಲದೆ, ಬಂಗಾಳದ ಜಯಗಾಂವ್ ಗಡಿಯಿಂದ ಒಳಗೆ ಬರಬಹುದು. ಮರುವರ್ಷ ಆ ಕನಿಷ್ಠ ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದಾಗ ನಾವು ಸಂತೋಷಪಟ್ಟೆವು. ಷರತ್ತೇ ಇಲ್ಲದ ಜಯಗಾಂವ್‌ಗೆ ಆ ಏರಿಕೆ ತಟ್ಟುವುದು ಹೇಗೆ?

ಭೂತಾನ್ ನಮಗೆ ಯಾಕೆ ಬೇಕೆಂದು ನನಗೂ ಗೊತ್ತು. 2017ರಲ್ಲಿ ಡೋಕ್ಲಾಮ್‌ನಲ್ಲಿ ನಮ್ಮ ಸೈನಿಕರು 73 ದಿನ ಚೀನಾದವರಿಗೆ ಎದುರಾಗಿ ನಿಂತದ್ದು ಭೂತಾನ್ ತನ್ನದೆನ್ನುವ ನೆಲದಲ್ಲಿ. ಆ ನೆರೆಯವರನ್ನು ಉಳಿಸಿಕೊಳ್ಳಲು ನೆರವು ಕೊಡಿ, ಸಾಲ ಕೊಡಿ, ಅವರ ಜಲವಿದ್ಯುತ್ ಕೊಳ್ಳಿ. ಆ ಹಣ ಬಜೆಟ್ಟಿನಲ್ಲಿ ಕಾಣುತ್ತದೆ, ಇಡೀ ದೇಶ ಹೊರುತ್ತದೆ. ಅಡಿಕೆಯ ರಿಯಾಯಿತಿ ಯಾವ ಬಜೆಟ್ಟಿನಲ್ಲೂ ಇಲ್ಲ. ಅದನ್ನು ಹೊರುತ್ತಿರುವವರು ನಾವು, ತೋಟದವರು.

ಹೋದ ವರ್ಷ ಮಗಳ ಕಾಲೇಜು ಫೀಸಿಗೆಂದು ಆರು ಚೀಲ ‘ರಾಶಿ’ ದರ್ಜೆಯ ಅಡಿಕೆ ಮಂಡಿಗೆ ಒಯ್ದೆ. ಎಲೆಚುಕ್ಕಿ ರೋಗಕ್ಕೆ ಮೇಲಿನ ತೋಟ ಹೋಗಿತ್ತು. ಕೆಳಗಿನದಕ್ಕೆ ಮಳೆ ಬಿಟ್ಟ ಗಳಿಗೆ ನೋಡಿ ಮೂರು ಸಲ ಬೋರ್ಡೋ ಔಷಧಿ ಹೊಡೆಸಿದ್ದೆ. ಮರ ಹತ್ತಿ ಗೊನೆ ಇಳಿಸುವ ಕೊನೆಗಾರನ ಮನೆಗೆ ಅಲೆದು ಅಲೆದು ಕೊಯ್ಲು ಮಾಡಿಸಿ, ಸುಲಿಸಿ, ಬೇಯಿಸಿ, ಒಣಗಿಸಿದ ಮಾಲು ಅದು. ವ್ಯಾಪಾರಿ ಚೀಲಕ್ಕೆ ಕೈಹಾಕಿ ಒಂದು ಹಿಡಿ ತೆಗೆದರು, ಒಂದನ್ನು ಅಡಕತ್ತರಿಯಲ್ಲಿ ಸೀಳಿ ಬೆಳಕಿಗೆ ಹಿಡಿದರು. “ಮಾಲು ಚೆನ್ನಾಗಿದೆ ಮಾರಾಯ್ರೆ. ಆದ್ರೆ ಭೂತಾನ್ ಅಡಿಕೆ ಬಂದಿದೆಯಂತೆ, ಉತ್ತರ ಭಾರತದವರು ಖರೀದಿ ನಿಲ್ಲಿಸಿದಾರಂತೆ.” ಸಂಜೆಯವರೆಗೆ ಕಾದೆ. ಕೊನೆಗೆ ಬೆಳಗಿನ ದರಕ್ಕಿಂತ ಕ್ವಿಂಟಾಲಿಗೆ 3,500 ರೂಪಾಯಿ ಕಡಿಮೆಗೆ ಕೊಟ್ಟು ಬಂದೆ. ಮುಂದಿನ ವಾರ ದರ ಮತ್ತೆ ಏರಿತು. ಫೀಸಿನ ಕೊನೇ ದಿನ ಮುಂದಿನ ವಾರದವರೆಗೆ ಕಾಯುವುದಿಲ್ಲವಲ್ಲ. ಆ ‘ಅಂತೆ’ ನಿಜವೋ ಸುಳ್ಳೋ ನನಗೆ ಇವತ್ತಿಗೂ ತಿಳಿದಿಲ್ಲ.

ದೇಶದ ಬೆಳೆಯ ಮುಂದೆ 17,000 ಟನ್ ಏನು ಮಹಾ ಎನ್ನಬೇಡಿ. ಆ ಮಾತು ಕೇಳಿ ಕೇಳಿ ಸಾಕಾಗಿದೆ. ಅಷ್ಟು ಚಿಕ್ಕದಾದರೆ ಲೆಕ್ಕ ಕೊಡುವುದಕ್ಕೆ ಏನು ಕಷ್ಟ? ಜಯಗಾಂವ್‌ನಿಂದ ಯಾವ ತಿಂಗಳು ಎಷ್ಟು ಟನ್ ಬಂತು, ಯಾರು ತಂದರು, ಎಲ್ಲಿಗೆ ಹೋಯಿತು? ಬರ್ಮಾದ ಕಳ್ಳಮಾಲು ಭೂತಾನಿನ ಹೆಸರು ಹೇಳಿಕೊಂಡು ನುಸುಳದಂತೆ ತಡೆಯುವವರು ಯಾರು?

ಇದನ್ನು ಸಂಸತ್ತಿನಲ್ಲಿ ಕೇಳಿ. ಭಾಷಣ ಬೇಡ, ಧರಣಿ ಬೇಡ, ಬರುವ ಅಧಿವೇಶನದಲ್ಲಿ ಒಂದು ಲಿಖಿತ ಪ್ರಶ್ನೆ ಕೇಳಿ. ಚುನಾವಣೆಗೆ ಬಂದಾಗ ನಮ್ಮ ಅಂಗಳದಲ್ಲಿ ಒಣಗುತ್ತಿದ್ದ ಅಡಿಕೆಯನ್ನು ಕೈಯಲ್ಲಿ ಹಿಡಿದು ಫೋಟೋ ತೆಗೆಸಿಕೊಂಡಿರಿ. ಆ ಅಡಿಕೆಯ ಪರವಾಗಿ ಕೇಳಿ. ತಿಂಗಳ ತಿಂಗಳ ಲೆಕ್ಕ ಕೇಳಿ, ಬಂದ ಉತ್ತರವನ್ನು ಪ್ರತಿ ಮಂಡಿಯ ಬಾಗಿಲಿಗೆ ಅಂಟಿಸಿ.

ನಿಮ್ಮ ಕ್ಷೇತ್ರದ ಮತದಾರ,
ಒಬ್ಬ ಅಡಿಕೆ ಬೆಳೆಗಾರ