ವಾಕ್ಯಕ್ಕೆ ಗೆರೆ ಎಳೆಯುವ ಪಾಠ: ಮೇಷ್ಟ್ರು ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಹತ್ತನೇ ತರಗತಿಯ ಮಕ್ಕಳಿಗೆ ಇಂಗ್ಲಿಷ್ ಪದಗಳ ಅರ್ಥ ಗೊತ್ತು, ವಾಕ್ಯ ಮಾತ್ರ ತಲೆಗೆ ಹತ್ತುವುದಿಲ್ಲ ಅಂತ ಬರೆದಿದ್ದೀಯ. ನಾನು ಸಂಜೆ ಪಾಠ ಹೇಳುವ ಪಿಯುಸಿ ಮಕ್ಕಳದ್ದೂ ಇದೇ ಕಥೆ. ಯಾರು ಏನು ಮಾಡಿದರು, ಯಾರಿಗೆ ಮಾಡಿದರು ಅಂತ ಕೇಳಿದರೆ ಸುಮ್ಮನೆ ಮುಖ ನೋಡುತ್ತಾರೆ. ಅವರಿಗೆ ನಿಜವಾಗಿ ದಾರಿ ತೋರಿಸಿದ್ದು ವಾಕ್ಯವನ್ನು ಗೆರೆಗಳಲ್ಲಿ ಬಿಡಿಸುವ ಹಳೆಯ ಅಮೆರಿಕನ್ ಪದ್ಧತಿ. ಸೆಂಟೆನ್ಸ್ ಡಯಗ್ರಾಮಿಂಗ್ ಅಂತಾರೆ. ನೀನೂ ಹಿಡಿದು ನೋಡು.

1847ರಲ್ಲಿ ನ್ಯೂಯಾರ್ಕ್ ರಾಜ್ಯದ ಸ್ಟೀಫನ್ ಕ್ಲಾರ್ಕ್ ಅನ್ನುವ ಮೇಷ್ಟ್ರು ಒಂದೊಂದು ಪದವನ್ನೂ ಬಲೂನಿನಂಥ ಗುಳ್ಳೆಯೊಳಗೆ ಬರೆದು, ಗುಳ್ಳೆಗಳನ್ನು ಒಂದಕ್ಕೊಂದು ಅಂಟಿಸುತ್ತಿದ್ದರು. ವಾಕ್ಯ ಸ್ವಲ್ಪ ಉದ್ದವಾದರೂ ಅದನ್ನು ಓದುವುದು ಕಷ್ಟ. ಬ್ರೂಕ್ಲಿನ್‌ನಲ್ಲಿ ಪಾಠ ಮಾಡುತ್ತಿದ್ದ ಅಲೊಂಜೊ ರೀಡ್ ಮತ್ತು ಬ್ರೇನರ್ಡ್ ಕೆಲಾಗ್ 1877ರ ತಮ್ಮ ಪುಸ್ತಕದಲ್ಲಿ ಗುಳ್ಳೆಗಳನ್ನು ಬಿಟ್ಟು ಬರೀ ಗೆರೆಗಳನ್ನು ಬಳಸಿದರು. ಈಗಲೂ ನಡೆಯುತ್ತಿರುವುದು ಅವರದೇ ಪದ್ಧತಿ.

ಮೊದಲು ಒಂದು ಅಡ್ಡಗೆರೆ. ಎಡಕ್ಕೆ ಕರ್ತೃ, ಬಲಕ್ಕೆ ಕ್ರಿಯಾಪದ, ನಡುವೆ ಅಡ್ಡಗೆರೆಯನ್ನು ಸೀಳಿಕೊಂಡು ಕೆಳಗಿಳಿಯುವ ನೇರ ಗೆರೆ. ಕರ್ಮ ಇದ್ದರೆ ಕ್ರಿಯಾಪದದ ಆಚೆ ಇನ್ನೊಂದು ನೇರ ಗೆರೆ, ಆದರೆ ಇದು ಅಡ್ಡಗೆರೆಯ ಮೇಲೇ ನಿಲ್ಲುತ್ತದೆ, ಕೆಳಗಿಳಿಯುವುದಿಲ್ಲ. ವಿಶೇಷಣಗಳು, 'ಎ', 'ದ' ಇವೆಲ್ಲ ತಮ್ಮ ಪದದ ಕೆಳಗೆ ಓರೆಗೆರೆಯಲ್ಲಿ ನೇತಾಡುತ್ತವೆ. ಇಷ್ಟನ್ನು ಮಕ್ಕಳು ಬೇಗ ಕಲಿತುಬಿಡುತ್ತಾರೆ.

ನೀನು ನಿಧಾನಿಸಬೇಕಾದದ್ದು ಇಲ್ಲಿ. 'ರವಿ ಮೆಟ್ ಎ ಡಾಕ್ಟರ್', 'ರವಿ ಬಿಕೇಮ್ ಎ ಡಾಕ್ಟರ್' ಎರಡನ್ನೂ ಬೋರ್ಡಿನ ಮೇಲೆ ಬರೆ. ನೋಡುವುದಕ್ಕೆ ಎರಡೂ ಒಂದೇ. ಮೊದಲನೆಯದರಲ್ಲಿ ಡಾಕ್ಟರ್ ಮುಂದೆ ನೇರ ಗೆರೆ, ಎರಡನೆಯದರಲ್ಲಿ ರವಿಯ ಕಡೆಗೆ ವಾಲಿದ ಗೆರೆ. ಡಾಕ್ಟರ್ ಬೇರೆ ಯಾರೋ ಅಲ್ಲ, ರವಿಯೇ ಅಂತ ಆ ವಾಲಿದ ಗೆರೆ ಹೇಳುತ್ತದೆ. ನಮ್ಮ ಮಕ್ಕಳು 'ಡಾಕ್ಟರನ್ನು ಕಂಡ', 'ಡಾಕ್ಟರಾದ' ಅಂತ ಯೋಚನೆಯೇ ಇಲ್ಲದೆ ಬೇರೆ ಬೇರೆ ಹೇಳುತ್ತಾರೆ, ಏಕೆಂದರೆ ಕನ್ನಡದಲ್ಲಿ ಆ ಕೆಲಸ ವಿಭಕ್ತಿಯದ್ದು. ಇಂಗ್ಲಿಷಿನಲ್ಲಿ 'ಡಾಕ್ಟರ್' ಪದಕ್ಕೆ ಅಂಥ ಪ್ರತ್ಯಯ ಇಲ್ಲ. ಕಣ್ಣಿಗೆ ಕಾಣದ ಆ ಸಂಬಂಧವನ್ನು ಗೆರೆ ಕಾಣಿಸುತ್ತದೆ. 'ಶಿ ಗೇವ್ ಮಿ ಎ ಬುಕ್' ಇನ್ನೂ ಚೆನ್ನಾಗಿದೆ: 'ಮಿ' ಅನ್ನುವುದು ಕ್ರಿಯಾಪದದ ಕೆಳಗೆ, ಏನೂ ಬರೆಯದ ಖಾಲಿ ಓರೆಗೆರೆಯ ತುದಿಯಲ್ಲಿ ಕೂರುತ್ತದೆ. ನಮ್ಮ 'ನನಗೆ'ಯ 'ಗೆ' ಇರಬೇಕಾದ ಜಾಗ ಅದು. ಹಾಗೆ ತೋರಿಸಿದರೆ ಕನ್ನಡ ಮಾಧ್ಯಮದ ಮಕ್ಕಳಿಗೆ ಎಷ್ಟು ಧೈರ್ಯ ಬರುತ್ತದೆ ಗೊತ್ತಾ! ಕಾರಕ, ವಿಭಕ್ತಿ ಕಲಿತದ್ದು ಇಲ್ಲೂ ಅವರ ಕೈಹಿಡಿಯುತ್ತದೆ.

ಆಮೇಲೆ 'ಶಿ ರೆಡ್ ದ ಲೆಟರ್ ಇನ್ ದ ಕಿಚನ್' ಕೊಡು. 'ಇನ್ ದ ಕಿಚನ್' ಎಲ್ಲಿ ನೇತಾಡಬೇಕು? 'ರೆಡ್' ಕೆಳಗೆ ಹಾಕಿದರೆ ಅಡುಗೆಮನೆಯಲ್ಲಿ ಕೂತು ಓದಿದಳು. 'ಲೆಟರ್' ಕೆಳಗೆ ಹಾಕಿದರೆ ಅಡುಗೆಮನೆಯಲ್ಲಿದ್ದ ಕಾಗದವನ್ನು ಓದಿದಳು. ಕನ್ನಡದಲ್ಲಿ ಎರಡಕ್ಕೂ ಬೇರೆ ಬೇರೆ ವಾಕ್ಯ ಕಟ್ಟುತ್ತೇವೆ, ಇಂಗ್ಲಿಷಿನಲ್ಲಿ ಒಂದೇ ವಾಕ್ಯ ಎರಡನ್ನೂ ಹೇಳುತ್ತದೆ. ಗೆರೆ ಎಳೆಯುವವನು ಯಾವುದಾದರೂ ಒಂದನ್ನು ಆರಿಸಲೇಬೇಕು. ನನ್ನ ತರಗತಿಯಲ್ಲಿ ಇದಕ್ಕೆ ಜೋರು ವಾದ ನಡೆಯುತ್ತದೆ, ನಾನು ತಡೆಯುವುದಿಲ್ಲ.

ಇದನ್ನು ವಿರೋಧಿಸುವವರೂ ಇದ್ದಾರೆ, ಅವರ ಮಾತಿನಲ್ಲಿ ಸತ್ಯವಿದೆ. ಬರವಣಿಗೆಯಿಂದ, ಮಾತಿನಿಂದ ಬೇರೆಯಾಗಿಟ್ಟು ವ್ಯಾಕರಣದ ಅಭ್ಯಾಸಗಳನ್ನೇ ಮಾಡಿಸುವುದು ಬೇಡ ಅಂತ ಅಮೆರಿಕದ ಇಂಗ್ಲಿಷ್ ಶಿಕ್ಷಕರ ರಾಷ್ಟ್ರೀಯ ಮಂಡಳಿ 1985ರಲ್ಲಿ ಠರಾವು ಮಾಡಿತು. ಗೆರೆ ಎಳೆದ ಮಾತ್ರಕ್ಕೆ ಮಾತು ಬರುವುದಿಲ್ಲ, ನಾನೂ ಒಪ್ಪುತ್ತೇನೆ. ಅದಕ್ಕೇ ಇದಕ್ಕೆ ಅಂಕ ಇಡಬೇಡ. ಓದಿ ಅರ್ಥಮಾಡಿಕೊಳ್ಳುವುದಕ್ಕೆ ಮಾತ್ರ ಬಳಸು.

ಓದುವುದಕ್ಕೆ ನಮ್ಮ ಸಂವಿಧಾನದ ಪೀಠಿಕೆಗಿಂತ ಒಳ್ಳೆಯ ವಾಕ್ಯ ನನಗೆ ಗೊತ್ತಿಲ್ಲ. ಇಂಗ್ಲಿಷಿನಲ್ಲಿ 80ಕ್ಕೂ ಹೆಚ್ಚು ಪದಗಳ ಒಂದೇ ವಾಕ್ಯ ಅದು. 'ಭಾರತದ ಜನತೆಯಾದ ನಾವು' ಅಂತ ಕನ್ನಡದಲ್ಲಿ ಓದಿದ ಮಕ್ಕಳ ಮುಂದೆ ಇಂಗ್ಲಿಷಿನದನ್ನು ಇಟ್ಟು, ಕರ್ತೃ ಹುಡುಕಿ ಅನ್ನು. 'ವಿ' ಸಿಗುತ್ತದೆ, 'ದ ಪೀಪಲ್' ಅದರ ಪಕ್ಕದಲ್ಲೇ ಕಂಸದೊಳಗೆ ಕೂರುತ್ತದೆ. ಕ್ರಿಯಾಪದ ಎಲ್ಲಿ? ಹುಡುಕುತ್ತಾ ಕೊನೆಯವರೆಗೂ ಹೋಗಬೇಕು: ಅಡಾಪ್ಟ್, ಎನಾಕ್ಟ್, ಗಿವ್. ಅಡ್ಡಗೆರೆ ಇಲ್ಲಿ ಮೂರಾಗಿ ಕವಲೊಡೆದು, ಮತ್ತೆ ಒಂದಾಗಿ, 'ಕಾನ್‌ಸ್ಟಿಟ್ಯೂಷನ್' ಅನ್ನುವ ಒಂದೇ ಕರ್ಮಕ್ಕೆ ಮುಟ್ಟುತ್ತದೆ. 1949ರ ನವೆಂಬರ್ 26 ಆ ಮೂರು ಕ್ರಿಯೆಗಳ ಕೆಳಗೆ ಬರುತ್ತದೆ. ಇನ್ನುಳಿದ ದೊಡ್ಡ ದೊಡ್ಡ ಮಾತುಗಳೆಲ್ಲ 'ವಿ' ಕೆಳಗಿನ 'ಹ್ಯಾವಿಂಗ್ ರಿಸಾಲ್ವ್ಡ್' ಅನ್ನುವ ಒಂದು ಕೊಂಬೆಗೆ ಸೇರಿದವು.

ಆ ಕೊಂಬೆಯನ್ನು ಮಕ್ಕಳ ಕೈಯಲ್ಲೇ ಬಿಡಿಸು. ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಅಂತ ನಾವು ನಾಲ್ಕನ್ನೂ ಒಂದೇ ಉಸಿರಿನಲ್ಲಿ ಹೇಳುತ್ತೇವಲ್ಲ, ನಕ್ಷೆಯಲ್ಲಿ ಅವು ಒಟ್ಟಿಗೆ ಬರುವುದಿಲ್ಲ! ಮೊದಲ ಮೂರು 'ಟು ಸೆಕ್ಯೂರ್'ನ ಕರ್ಮಗಳು, ನಾಗರಿಕರಿಗೆ ದೊರಕಿಸಿಕೊಡಬೇಕಾದವು. ಭ್ರಾತೃತ್ವಕ್ಕೆ ಮಾತ್ರ 'ಟು ಪ್ರಮೋಟ್' ಅಂತ ಬೇರೆಯೇ ಕ್ರಿಯೆ, ಅದು ಜನರ ನಡುವೆ ಬೆಳೆಸಬೇಕಾದದ್ದು. ಯಾಕೆ ಹಾಗೆ ಅಂತ ಒಬ್ಬ ಹುಡುಗಿ ಕೇಳಿದಳು, ಆ ದಿನದ ಪಾಠವೆಲ್ಲ ಅದೇ ಆಯಿತು.

ಮೊದಲ ವಾರ ಎರಡು ಮೂರು ಪದಗಳ ವಾಕ್ಯ ದಾಟಬೇಡ. ರೂಲರ್ ಕೊಡಬೇಡ, ಕೈಯಲ್ಲೇ ಎಳೆಯಲಿ. ಪೀಠಿಕೆಗೆ ಒಂದು ಪುಟ ಸಾಲುವುದಿಲ್ಲ, ಹಳೆಯ ಕ್ಯಾಲೆಂಡರಿನ ಹಿಂಬದಿ ಸರಿಹೋಗುತ್ತದೆ. ಮಕ್ಕಳು ಬರೆದದ್ದರ ಫೋಟೊ ಕಳಿಸು. ಪೀಠಿಕೆಯಲ್ಲಿ 'ಗಿವ್' ಆದಮೇಲೆ ಬರುವ 'ಟು ಅವರ್‌ಸೆಲ್ವ್ಸ್' ಅನ್ನು ಮೂರು ಕ್ರಿಯಾಪದಗಳಿಗೂ ಕಟ್ಟಿದ್ದಾರೋ, 'ಗಿವ್' ಒಂದಕ್ಕೇ ಕಟ್ಟಿದ್ದಾರೋ ಅಂತ ನೋಡಬೇಕು ನನಗೆ.

ನಿನ್ನ ಗೆಳೆಯ