ಬಿಲ್ ಇಲ್ಲದ 11,400 ರೂಪಾಯಿ

ನಿನ್ನೆ ನಮ್ಮ ಐದನೇ ತಂಡದ ಹುಡುಗ ಹುಡುಗಿಯರು ತರಬೇತಿ ಮುಗಿಸಿ ಊರಿಗೆ ಹೋದರು. ಕೋಣೆ ಗುಡಿಸಿ, ಜಮಖಾನೆ ಮಡಚಿಟ್ಟು, ಚಹಾ ಹಿಡಿದು ಕೂತಾಗ ನೆನಪಾಯಿತು, ಥ್ಯಾಂಕ್ಸ್ ಹೇಳೋದು ಇನ್ನೂ ಬಾಕಿ ಇದೆ ಅಂತ. ಹೋದ ವರ್ಷವೇ ಬರೆಯಬೇಕಿತ್ತು. ಆಗ ಬರೆಯೋ ಸ್ಥಿತಿಯಲ್ಲಿ ಇರಲಿಲ್ಲ.

ನಮ್ಮ ಸಂಸ್ಥೆಗೆ ಬರುತ್ತಿದ್ದ ದುಡ್ಡು ಯಾಕೆ ನಿಂತಿತು, ಎಷ್ಟು ತಿಂಗಳು ಸಂಬಳ ಕೊಡಲಿಲ್ಲ, ಇದೆಲ್ಲ ನಿಮಗೆ ಗೊತ್ತಿರೋದೇ. ಮತ್ತೆ ಕೆದಕೋದು ಬೇಡ. ಹೊಸದಾಗಿ ಓದುವವರಿಗೆ ಇಷ್ಟು ಹೇಳಿದರೆ ಸಾಕು. ನಾವು ಕೆಲಸ ಮಾಡೋದು ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ತಾಂಡಾ ಮತ್ತು ಹಳ್ಳಿಗಳಲ್ಲಿ. ಅಲ್ಲಿ 2011ರಲ್ಲಿ ಘೋಷಣೆಯಾದ ವನ್ಯಜೀವಿಧಾಮ ಇದೆ, ಸುಮಾರು 134 ಚದರ ಕಿಲೋಮೀಟರ್. ಆದರೆ ತೋಳ ಗಡಿ ಕಲ್ಲು ನೋಡಿ ಓಡಾಡೋದಿಲ್ಲ. ಅದು ಬದುಕೋದೇ ಕುರಿ ಮೇಯುವ ಬಯಲಲ್ಲಿ, ಹಳ್ಳದ ದಂಡೆಯಲ್ಲಿ, ತೊಗರಿ ಹೊಲದ ಬದುವಿನಲ್ಲಿ. ಹಾಗಾಗಿ ಅದರ ಹಣೆಬರಹ ನಿರ್ಧಾರ ಆಗೋದು ಕುರಿ ಹಟ್ಟಿಯಲ್ಲಿ. ಆ ಹಟ್ಟಿ, ಆ ತಾಂಡಾಗಳ ಮಕ್ಕಳಿಗೆ ನಾವು ಪಾಠ ಮಾಡುತ್ತೇವೆ. ಸ್ವಲ್ಪ ದೊಡ್ಡವರಿಗೆ ಊರಿನ ಮುಂದೆ ನಿಂತು ಮಾತಾಡೋದು, ಅರ್ಜಿ ಬರೆಯೋದು, ಕಚೇರಿಗೆ ಹೋಗಿ ಕೇಳೋದು ಕಲಿಸುತ್ತೇವೆ.

ಇಂಥ ಕೆಲಸಕ್ಕೆ ದುಡ್ಡು ಕೇಳೋದು ದೊಡ್ಡ ಫಜೀತಿ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಯಾವುದಕ್ಕೆಲ್ಲ ಕೊಡಬಹುದು ಅನ್ನೋ ಪಟ್ಟಿಯಲ್ಲಿ ಶಿಕ್ಷಣವೂ ಇದೆ, ವನ್ಯಜೀವಿಯೂ ಇದೆ. ಆದರೆ ಶಿಕ್ಷಣದ ಟೇಬಲ್ಲಿಗೆ ಹೋದರೆ "ಇದು ಕಾಡಿನ ಕೆಲಸ ಅಲ್ವಾ" ಅಂದರು. ಕಾಡಿನ ಟೇಬಲ್ಲಿಗೆ ಹೋದರೆ "ಇದು ಶಾಲೆ ಕೆಲಸ" ಅಂದರು. ಒಬ್ಬರಂತೂ ನಮ್ಮಲ್ಲಿ ಹುಲಿ ಇದೆಯಾ ಅಂತ ಕೇಳಿದರು. ಇಲ್ಲ ಅಂದ ಮೇಲೆ ಚಹಾ ಕೊಟ್ಟು ಕಳಿಸಿದರು. ಚಹಾ ಚೆನ್ನಾಗಿತ್ತು.

ದುಡ್ಡು ನಿಂತಾಗ 200, 500 ಅಂತ ಮೊಬೈಲಿನಲ್ಲೇ ಕಳಿಸಿದ ಎಲ್ಲರಿಗೂ, ಮಕ್ಕಳ ಊಟಕ್ಕೆ ಬೇಳೆ ಚೀಲ ಕಳಿಸಿದ ಕಲಬುರಗಿಯ ದಾಲ್‌ಮಿಲ್ ಮಾಲೀಕರಿಗೆ, ಉದ್ರಿಯಲ್ಲಿ ಕೈಪಿಡಿ ಅಚ್ಚು ಮಾಡಿಕೊಟ್ಟ ಪ್ರೆಸ್ಸಿನ ಅಣ್ಣನಿಗೆ, ರಾತ್ರಿ ಹನ್ನೆರಡಕ್ಕೂ ಫೋನ್ ಎತ್ತುವ ಫಾರೆಸ್ಟ್ ಗಾರ್ಡ್‌ಗೆ, ತಾಂಡಾದ ಹಿರಿಯರಾದ ನಾಯಕ್ ಮತ್ತು ಕಾರಭಾರಿಯವರಿಗೆ, ಸಂಬಳ ಇಲ್ಲದ ತಿಂಗಳುಗಳಲ್ಲೂ ಪಾಠ ನಿಲ್ಲಿಸದ ನಮ್ಮ ನಾಲ್ವರು ಟೀಚರುಗಳಿಗೆ, ನನ್ನ ಮನೆಯವರಿಗೆ, ಎಲ್ಲರಿಗೂ ಶರಣು. ಒಂದೇ ಉಸಿರಿನಲ್ಲಿ ಮುಗಿಸಿದೆ ಅಂತ ಬೇಜಾರು ಮಾಡ್ಕೋಬೇಡಿ. ಇವತ್ತು ನಾನು ಮುಖ್ಯವಾಗಿ ಬರೆಯಬೇಕಿರೋದು ಕಾಕಾನ ಬಗ್ಗೆ.

ಕಾಕಾ ನನಗೆ ಸಂಬಂಧಿಕರಲ್ಲ. ಸಹಕಾರಿ ಸಂಘವೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ನಾನು ಶಾಲೆ ಟೀಚರ್ ಆಗಿದ್ದಾಗ ಅವರ ಮೊಮ್ಮಗಳು ನನ್ನ ಕ್ಲಾಸಿನಲ್ಲಿದ್ದಳು, ಅಷ್ಟೇ ಪರಿಚಯ. ಪ್ರಾಣಿಗಳ ಮೇಲೆ ಅವರಿಗೆ ಯಾವ ಪ್ರೀತಿಯೂ ಇಲ್ಲ. ಬೀದಿ ನಾಯಿ ಕಂಡರೆ ಆಚೆ ಬದಿಗೆ ದಾಟುತ್ತಾರೆ. ನಮ್ಮ ಲೆಕ್ಕಪತ್ರ ನೋಡಿಕೊಳ್ಳುವ ಹುಡುಗ ಬಿಟ್ಟು ಹೋದಾಗ, ಯಾರೋ ಹೇಳಿದರು ಅಂತ ಅವರಿಗೆ ಫೋನ್ ಮಾಡಿದ್ದೆ.

ಅದು ಮಾರ್ಚ್ ಎಂಡಿಂಗ್. ಹೊಸದಾಗಿ ದುಡ್ಡು ಕೊಡಲು ಒಪ್ಪಿದವರು ಮೊದಲ ಕಂತಿನ ಯುಸಿ ಕೇಳಿದ್ದರು. ಯುಸಿ ಅಂದರೆ ಕೊಟ್ಟ ದುಡ್ಡು ಹೇಳಿದ ಕೆಲಸಕ್ಕೇ ಖರ್ಚಾಗಿದೆ ಅನ್ನೋ ಪತ್ರ. ಮರುದಿನ ಸಂಜೆಯೊಳಗೆ ಅದು ತಲುಪದಿದ್ದರೆ ಎರಡನೇ ಕಂತು ಇಲ್ಲ. ನನ್ನ ಹತ್ತಿರ ಇದ್ದದ್ದು ಎರಡು ಪ್ಲಾಸ್ಟಿಕ್ ಚೀಲದ ತುಂಬ ಚೀಟಿಗಳು.

ಕಾಕಾ ಕಲಬುರಗಿಯಿಂದ ಕೊನೆ ಬಸ್ಸಿಗೆ ಬಂದರು. ಕೈಯಲ್ಲಿ ಸ್ಟೀಲ್ ಡಬ್ಬಿ, ಅದರಲ್ಲಿ ನಾಲ್ಕು ಜೋಳದ ರೊಟ್ಟಿ, ಶೇಂಗಾ ಹಿಂಡಿ. ಹೆಗಲ ಚೀಲದಲ್ಲಿ ಸ್ಟ್ಯಾಂಪ್ ಪ್ಯಾಡ್, ಟಾಚಣಿ ಡಬ್ಬಿ, ರಬ್ಬರ್ ಬ್ಯಾಂಡು, ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪಿನ ಹಾಳೆ. ಐದು ಸಾವಿರ ದಾಟಿದ ಪ್ರತಿ ರಸೀದಿಗೂ ಸ್ಟ್ಯಾಂಪ್ ಬೇಕು ಅಂತ ನನಗೆ ಗೊತ್ತೇ ಇರಲಿಲ್ಲ. ಅವರು ನೆಲದ ಮೇಲೆ ಪೇಪರ್ ಹಾಸಿ ತಿಂಗಳ ಪ್ರಕಾರ ಚೀಟಿ ಹರಡಿದರು. ಹಾರದಂತೆ ಒಂದೊಂದು ತಿಂಗಳ ಮೇಲೆ ಒಂದೊಂದು ಸಾಮಾನು ಇಟ್ಟರು. ಜೂನ್ ಮೇಲೆ ಲೋಟ, ಜುಲೈ ಮೇಲೆ ಅವರ ಕನ್ನಡಕದ ಡಬ್ಬಿ, ಆಗಸ್ಟ್ ಮೇಲೆ ನನ್ನ ಚಪ್ಪಲಿ. ಒಂಬತ್ತೂವರೆಗೆ ಕರೆಂಟ್ ಹೋಯಿತು. ಫ್ಯಾನ್ ನಿಂತ ಮೇಲೆ ಸಾಮಾನಿನ ಅಗತ್ಯವೂ ಇರಲಿಲ್ಲ. ಆ ಸೆಕೆಯಲ್ಲಿ ಮೊಬೈಲ್ ಬೆಳಕು ಹಿಡಿದುಕೊಂಡೇ ಒಂದೊಂದು ಚೀಟಿ ಓದಿದರು. ಅಡುಗೆ ಆಯಿಯ ಹೆಬ್ಬೆಟ್ಟಿನ ರಸೀದಿ ಸಿಕ್ಕಾಗ ಮಾತ್ರ "ಇದು ಛಲೋ ಅದ" ಅಂದರು.

ಒಂದು ಗಂಟೆ ಸುಮಾರಿಗೆ ಕೇಳಿದರು. "ಅಕ್ಕೋರೆ, ಇಲ್ಲಿ 11,400 ಬರಕೊಂಡೀರಿ. ಬಿಲ್ ಎಲ್ಲ್ಯದ?"

ಅದು ಮಕ್ಕಳನ್ನು ಸುರಪುರ ಕಡೆಯ ಬೋನಾಳ ಪಕ್ಷಿಧಾಮಕ್ಕೆ ಕರಕೊಂಡು ಹೋದ ಬಸ್ಸಿನ ಬಾಡಿಗೆ. ಅಷ್ಟು ನೀರನ್ನು ಒಂದೇ ಕಡೆ ಕಂಡು ನಮ್ಮ ಹುಡುಗರು ಹಕ್ಕಿ ನೋಡೋದನ್ನೇ ಮರೆತಿದ್ದ ದಿನ ಅದು. ಬಿಲ್ ನಾನೇ ಎಲ್ಲೋ ಕಳೆದಿದ್ದೆ. ಡ್ರೈವರ್ ಫೋನ್ ಎತ್ತುತ್ತಿರಲಿಲ್ಲ.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಇದುವರೆಗೆ ಯಾರಿಗೂ ಹೇಳಿಲ್ಲ. ನನ್ನ ಬ್ಯಾಗಿನಲ್ಲಿ ಒಂದು ಖಾಲಿ ಬಿಲ್ ಪುಸ್ತಕ ಇತ್ತು. ಪೇಟೆಯಲ್ಲಿ ನಲವತ್ತು ರೂಪಾಯಿಗೆ ಸಿಗುತ್ತದಲ್ಲ, ಅದು. ಸಂಜೆಯೇ ತಂದಿಟ್ಟುಕೊಂಡಿದ್ದೆ. ತೆಗೆದು ಅವರ ಮುಂದೆ ಇಟ್ಟೆ. ಖರ್ಚಂತೂ ಆಗಿದೆ, ನಾನೇನು ತಿಂದಿಲ್ಲ, ಬರೆದುಬಿಡೋಣ ಅಂದೆ.

ಕಾಕಾ ಪೆನ್ನಿನ ಮುಚ್ಚಳ ಹಾಕಿದರು. "ಖರ್ಚು ಖರೆ, ಬಿಲ್ ಖೊಟ್ಟಿ. ಹಂಗ ಬರದ್ರ ಖರ್ಚೂ ಖೊಟ್ಟಿ ಆಗ್ತದ್ರಿ."

ನಾನು ಅತ್ತೆ. ಸಿಟ್ಟಿಗೆ ಅತ್ತೆ. ನಾಲ್ಕು ವರ್ಷ ಬಿಸಿಲಲ್ಲಿ ತಿರುಗಿದ್ದಕ್ಕೆ ಕೊನೆಗೆ ಸಿಕ್ಕಿದ್ದು ಇದಾ ಅನ್ನಿಸಿತು. ನನ್ನ ಮಗಳ ಫೀಸು ಕಟ್ಟದೆ ಆ ಟೀಚರುಗಳಿಗೆ ಅರ್ಧ ಸಂಬಳ ಕೊಟ್ಟಿದ್ದೆ, ಅದಕ್ಕೆ ಯಾವ ವೋಚರ್ ಹಾಕಲಿ ಅಂತ ಕೂಗಾಡಿದೆ. ಕಾಕಾ ಸಮಾಧಾನ ಮಾಡಲಿಲ್ಲ. ಎದ್ದು ಹೋಗಲೂ ಇಲ್ಲ. ನಾನು ಸುಮ್ಮನಾಗುವವರೆಗೂ ಕೂತಿದ್ದು, ಆಮೇಲೆ ತಮ್ಮ ದುಂಡು ಅಕ್ಷರದಲ್ಲಿ ಬರೆದರು: 'ಬಿಲ್ ಕಳೆದಿದೆ. ಮೊತ್ತವನ್ನು ಕಾರ್ಯದರ್ಶಿ ಸ್ವಂತ ಹಣದಿಂದ ಭರಿಸುವರು.' ಕಾರ್ಯದರ್ಶಿ ಅಂದರೆ ನಾನು.

ಅದಾದ ಸ್ವಲ್ಪ ಹೊತ್ತಿಗೆ ಫೋನ್ ಬಂತು. ನಮ್ಮ ಎರಡನೇ ತಂಡದ ಹುಡುಗಿ. ತಾಂಡಾದ ಪಕ್ಕ ತಂಗಿದ್ದ ಹಟ್ಟಿಯಲ್ಲಿ ತೋಳ ಆರು ಕುರಿಮರಿ ಕೊಂದಿದೆ, ಹುಡುಗರು ಪೆಟ್ರೋಲ್ ಹಿಡಿದು ಹಳ್ಳದ ಬಿಲದ ಕಡೆ ಹೊರಟಿದ್ದಾರೆ, ಬಿಲದಲ್ಲಿ ಮರಿಗಳಿವೆ ಅಂದಳು. ನಾನು ಚಪ್ಪಲಿ ಹುಡುಕಿದೆ. ಅದು ಆಗಸ್ಟ್ ಮೇಲಿತ್ತು.

"ನೀವು ಹೋಗಿ ಮುಟ್ಟೂದ್ರಾಗ ಬೆಳಗಾಗ್ತದ. ಅಕಿ ಅಲ್ಲೇ ಅದಾಳಲ್ಲ. ಕೂಡ್ರಿ" ಅಂದರು ಕಾಕಾ.

ಕೂತೆ. ಅಲ್ಲಿ ಅವಳು ಹುಡುಗರ ಹಿಂದೆ ಓಡಲಿಲ್ಲ. ಗಾರ್ಡ್‌ಗೆ ಫೋನ್ ಮಾಡಿ, ಕಾರಭಾರಿಯನ್ನು ಎಬ್ಬಿಸಿಕೊಂಡು, ನೇರ ಕುರಿಗಾಹಿಯ ಹತ್ತಿರ ಹೋದಳು. ಸತ್ತ ಮರಿ ಯಾರೂ ಮುಟ್ಟಬ್ಯಾಡ್ರಿ, ಫೋಟೋ, ಪಂಚನಾಮೆ ಆದರೇನೇ ಪರಿಹಾರ ಅಂದಳು. ತೋಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಬೆಂಕಿ ಹಚ್ಚಿದರೆ ಕೇಸಾಗ್ತದೆ, ಆಗ ನಿಮ್ಮ ಅರ್ಜಿಯೂ ಅದರಲ್ಲೇ ಸಿಕ್ಕಿಕೊಳ್ತದೆ ಅಂದಳು. ಆ ಹುಡುಗರನ್ನು ಹಿಂದಕ್ಕೆ ಕರೆದದ್ದು ಕುರಿಗಾಹಿಯೇ. ತೋಳದ ಮೇಲಿನ ಪ್ರೀತಿಯಿಂದ ಅಲ್ಲ, ಆರು ಮರಿಯ ದುಡ್ಡಿಗಾಗಿ. ನನಗೆ ಅದೂ ನಡೆಯುತ್ತದೆ.

ಅಷ್ಟರಲ್ಲಿ ಬಿಲದ ಬಾಯಿ ಅರ್ಧ ಅಗೆದಿದ್ದರಂತೆ. ಮರುದಿನ ರಾತ್ರಿ ಕಳೆದು ನೋಡಿದರೆ ಬಿಲ ಖಾಲಿ. ತಾಯಿ ಮರಿಗಳನ್ನು ಬೇರೆ ಕಡೆ ಸಾಗಿಸಿರಬೇಕು. ಎಷ್ಟು ಉಳಿದವೋ ಗೊತ್ತಿಲ್ಲ. ಪರಿಹಾರ ಬರಲು ತಿಂಗಳುಗಳೇ ಬೇಕಾದವು, ಅವಳು ಮೂರು ಸಲ ಕಚೇರಿಗೆ ಅಲೆದಳು. ಈಗ ಅವಳು ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯಲ್ಲಿ ಸದಸ್ಯೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಈ ಸಮಿತಿ ಇರಬೇಕು. ಎಷ್ಟೋ ಕಡೆ ಅದು ಹೆಸರಿಗೆ ಮಾತ್ರ. ಇವಳು ಇರುವ ಕಡೆ ಸಭೆ ನಡೆಯುತ್ತದೆ, ಯಾಕಂದರೆ ಇವಳು ಸಭೆ ಯಾವಾಗ ಅಂತ ಕೇಳುತ್ತಾಳೆ.

ಅವಳು ಎರಡನೇ ಸಲ ಫೋನ್ ಮಾಡಿ ಎಲ್ಲ ಶಾಂತ ಆಯ್ತು ಅಂದಾಗ ನಾಲ್ಕು ಗಂಟೆ. ಕಾಕಾ ಪುಸ್ತಕದಲ್ಲಿ 'ನಾಯಕತ್ವ ತರಬೇತಿ' ಅನ್ನೋ ತಲೆಬರಹದ ಕೆಳಗೆ ಗೆರೆ ಎಳೆದು ಒಟ್ಟು ಹಾಕುತ್ತಿದ್ದರು. ತಲೆ ಎತ್ತದೆ "ಅಕಿ ತರಬೇತಿ ಖರ್ಚು ಇದರಾಗ ಬರ್ತದೇನ್ರಿ?" ಅಂದರು. ಹೌದು ಅಂದೆ. "ಹೂಂ" ಅಂದು ಮುಂದಿನ ಹಾಳೆ ತಿರುಗಿಸಿದರು. ಉಳಿದಿದ್ದ ಎರಡು ರೊಟ್ಟಿ ಹಂಚಿಕೊಂಡು ತಿಂದೆವು. ಮೊದಲ ಬಸ್ಸಿಗೆ ಕಲಬುರಗಿಗೆ ಹೋಗಿ ಸಿಎ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದೆವು.

ಎರಡನೇ ಕಂತು ಬಂತು. ಬಿಲ್ ಕಳೆದ ಬಗ್ಗೆ ದುಡ್ಡು ಕೊಟ್ಟವರು ಒಂದು ಮಾತೂ ಕೇಳಲಿಲ್ಲ. ಕೇಳಿದ್ದು ಕಾಕಾ ಮಾತ್ರ. 11,400 ಒಮ್ಮೆಲೇ ಕಟ್ಟಲು ನನ್ನಿಂದ ಆಗಲಿಲ್ಲ, ಮೂರು ಕಂತು ಮಾಡಿದೆ. ಪ್ರತಿ ತಿಂಗಳು ಒಂದನೇ ತಾರೀಖು ಬೆಳಿಗ್ಗೆ ಅವರ ಫೋನ್. "ಇನ್ನಾ 3,800 ಬಾಕಿ ಅದ ನೋಡ್ರಿ." ಆ ತಿಂಗಳುಗಳಲ್ಲಿ ಅವರ ಹೆಸರು ಕಂಡರೆ ಫೋನ್ ಎತ್ತಲು ಮನಸ್ಸಾಗುತ್ತಿರಲಿಲ್ಲ. ಕೊನೆ ಕಂತು ಕಟ್ಟಿದ ದಿನ ಆ ಖಾಲಿ ಬಿಲ್ ಪುಸ್ತಕವನ್ನು ಮಕ್ಕಳಿಗೆ ಆಟದ ಅಂಗಡಿಗೆ ಕೊಟ್ಟೆ. ಅವರು ಅದರಲ್ಲಿ ಒಬ್ಬರಿಗೊಬ್ಬರು ಹುಣಸೆಹಣ್ಣು ಮಾರಿ ಖಾಲಿ ಮಾಡಿದರು.

ಕಾಕಾ ಒಂದು ಪೈಸೆ ತೊಗೊಂಡಿಲ್ಲ, ಬಸ್ ಚಾರ್ಜ್ ಬಿಟ್ಟು. ಅದಕ್ಕೂ ಟಿಕೆಟ್ ಅಂಟಿಸಿ ಕೊಡುತ್ತಾರೆ. ಒಂದು ಸಲ ಬನ್ನಿ, ತೋಳ ತೋರಿಸ್ತೀವಿ ಅಂದರೆ, "ನಾಯಿಗೇ ಅಂಜತೀನಿ, ತೋಳ ತೊಗೊಂಡು ಏನ್ ಮಾಡ್ಲಿ" ಅಂತಾರೆ.

ಅವರ ಹತ್ತಿರ ಸ್ಮಾರ್ಟ್‌ಫೋನ್ ಇಲ್ಲ. ಇದನ್ನು ಅವರ ಸೊಸೆ ಓದಿ ಹೇಳುತ್ತಾರೆ. ಕೇಳಿ ಕಾಕಾ ಏನನ್ನುತ್ತಾರೆ ಅಂತಲೂ ಗೊತ್ತು. "ಇಷ್ಟು ಬರಿಯೂ ಟೈಮಿನ್ಯಾಗ ಫೆಬ್ರವರಿ ವೋಚರ್ ಕಳಸಬೌದಿತ್ತಲ್ರಿ ಅಕ್ಕೋರೆ."

ಕಳಿಸ್ತೀನಿ ಕಾಕಾ. ಸೋಮವಾರ.