ಜಾಗ ಕೆಟ್ಟದ್ದು ಎಂದು ಬರೆದೆಯಲ್ಲ

ಉಡುಪಿ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿಗೆ,

ನಿನ್ನ ಕಾಗದ ಮೂರು ಸಲ ಓದಿದೆ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದೀಯಲ್ಲ, ‘ಜಾಗ ಕೆಟ್ಟದ್ದಂತೆ ಮಾವ, ಮೆದುಳಿನ ರಕ್ತನಾಳದ ಗುಳ್ಳೆ ದೊಡ್ಡಮ್ಮನಿಗೆ ಇದ್ದಲ್ಲೇ ನನಗೂ ಇದೆ’ ಅಂತ. ಆಮೇಲೆ ಊಟ ಸೇರಲಿಲ್ಲ.

ನಿನ್ನ ರಿಪೋರ್ಟ್ ಹಿಡಿದುಕೊಂಡು ಮೊನ್ನೆ ಮಣಿಪಾಲಕ್ಕೆ ಹೋಗಿದ್ದೆ. ಪರಿಚಯದ ಡಾಕ್ಟರು ಚೀಟಿಯ ಹಿಂದೆ ಚಿತ್ರ ಬಿಡಿಸಿ ತೋರಿಸಿದರು. ಪೋಸ್ಟೀರಿಯರ್ ಕಮ್ಯುನಿಕೇಟಿಂಗ್ ಎನ್ನುವ ಸಣ್ಣ ರಕ್ತನಾಳ ಕವಲೊಡೆಯುವ ಕಡೆ ನಾಳದ ಗೋಡೆ ಉಬ್ಬಿ ಈ ಗುಳ್ಳೆ ಎದ್ದಿದೆ. ನಮ್ಮ ತೋಡು ಕವಲಾಗುವಲ್ಲಿ ಪ್ರತಿ ಮಳೆಗಾಲ ದರೆ ಕುಸಿಯುತ್ತಿತ್ತು, ನೆನಪಿದೆಯಾ? ನೀರು ಬಂದು ಹೊಡೆಯುವುದು ಅಲ್ಲಿಗೇ. ರಕ್ತವೂ ಹಾಗೆಯೇ.

ಜಾಗ ಒಳ್ಳೆಯದೇ ಎಂದು ನಿನಗೆ ಸುಳ್ಳು ಹೇಳಲಾರೆ. ಇಷ್ಟೇ ಗಾತ್ರದ್ದು ಮೆದುಳಿನ ಪಕ್ಕದ ಭಾಗಕ್ಕೆ ರಕ್ತ ಒಯ್ಯುವ ಮಿಡ್ಲ್ ಸೆರೆಬ್ರಲ್ ನಾಳದಲ್ಲಿದ್ದರೆ ಒಡೆಯುವ ಭಯ ಕಡಿಮೆ. ಕಣ್ಣಿನ ಹಿಂದೆ ಕ್ಯಾವರ್ನಸ್ ಸೈನಸ್ ಎನ್ನುವ ಪೊಳ್ಳಿನ ಒಳಗಿದ್ದರೆ ಇನ್ನೂ ಕಡಿಮೆ, ಅದು ಮೆದುಳಿನ ಪೊರೆಯ ಹೊರಗೆ. ಆದರೆ ಬರೀ ಜಾಗ ನೋಡಿ ಹೇಳುವುದಿಲ್ಲವಂತೆ ಪುಟ್ಟಿ. 2003ರಲ್ಲಿ ಬಂದ, ಹಲವು ದೇಶಗಳವರು ಸೇರಿ ಮಾಡಿದ ಅಧ್ಯಯನದ ಲೆಕ್ಕ ತೋರಿಸಿದರು. ನಿನ್ನ ಜಾಗ ಮತ್ತು ಮೆದುಳಿನ ಹಿಂಭಾಗದ ನಾಳಗಳನ್ನು ಸೇರಿಸಿ ಲೆಕ್ಕ ಹಾಕಿದ್ದಾರೆ. ಮೊದಲು ರಕ್ತಸ್ರಾವ ಆಗದವರಲ್ಲಿ, 7 ಮಿಲಿಮೀಟರಿಗಿಂತ ಸಣ್ಣದಾದರೆ 5 ವರ್ಷದಲ್ಲಿ ಒಡೆದದ್ದು ನೂರಕ್ಕೆ 2.5. 7ರಿಂದ 12ರವರೆಗಿನದ್ದಾದರೆ 14.5. ನಿನ್ನದು 4. ದೊಡ್ಡಮ್ಮನದು 11 ಇತ್ತು. ಆ ಕಾಗದ ಈಗಲೂ ನನ್ನ ಕಪಾಟಿನಲ್ಲಿದೆ.

ಜಾಗ ಒಂದೇ ಆದರೂ ಕಥೆ ಒಂದೇ ಅಲ್ಲ. ಇದನ್ನು ನಿನಗೆ ಹೇಗೆ ನಂಬಿಸಲಿ?

ನಾನು ಯಾರಿಗೂ ಹೇಳದ ಒಂದು ವಿಷಯ ಇದೆ. ಅಕ್ಕ, ನಿನ್ನ ದೊಡ್ಡಮ್ಮ, ತೀರಿಹೋಗುವ ಎಂಟು ದಿನ ಮೊದಲು ನಾನು ಅವಳ ಮನೆಗೆ ಹೋಗಿದ್ದೆ. ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದಳು. ಬಾಳೆ ನಾರು ಕೈಯಲ್ಲಿ, ಮೊಗ್ಗು ಹಾಳೆಯ ಮೇಲೆ. ನಡು ನಡುವೆ ಎಡಗಣ್ಣಿನ ರೆಪ್ಪೆಯನ್ನು ಬೆರಳಿನಿಂದ ಎತ್ತಿ ಹಿಡಿಯುತ್ತಿದ್ದಳು. ಬಿಟ್ಟರೆ ಜೋತು ಬೀಳುತ್ತಿತ್ತು. ‘ನಾರು ಎರಡೆರಡು ಕಾಣ್ತದೆ ಮಾರಾಯ’ ಅಂದಳು. ನಿದ್ದೆ ಸಾಲದ್ದಕ್ಕೆ, ಮಧ್ಯಾಹ್ನ ಮಲಗು ಎಂದು ಹೇಳಿ ನಾನು ಚಹಾ ಕುಡಿದು ಬಂದೆ.

ರೆಪ್ಪೆ ಎತ್ತುವ ನರ ಆ ನಾಳದ ಪಕ್ಕದಲ್ಲೇ ಹೋಗುತ್ತದಂತೆ. ಗುಳ್ಳೆ ಬೆಳೆದರೆ ಅದನ್ನು ಒತ್ತುತ್ತದೆ. ಅಂದರೆ ನೀನು ಕೆಟ್ಟದ್ದು ಅನ್ನುವ ಆ ಜಾಗವೇ ಅವತ್ತು ನಮಗೆ ಹೇಳುತ್ತಿತ್ತು. ನಾನು ಕೇಳಲಿಲ್ಲ. ಇಷ್ಟು ವರ್ಷ ಇದನ್ನು ಹೊಟ್ಟೆಯೊಳಗೆ ಇಟ್ಟುಕೊಂಡೆ.

ನಾನು ಡಾಕ್ಟರಲ್ಲ, ಹೆಚ್ಚು ಹೇಳಬಾರದು. ಆದರೂ ರೆಪ್ಪೆ ಜೋತರೆ, ಎರಡೆರಡು ಕಂಡರೆ, ಒಂದು ಕಣ್ಣಿನ ಪಾಪೆ ದೊಡ್ಡದಾದರೆ ನಾಳೆಗೆ ಇಡಬೇಡ. ಹಿಂದೆಂದೂ ಬಾರದಂಥ ತಲೆನೋವು ಒಮ್ಮೆಲೇ ಬಡಿದರೂ ಅಷ್ಟೇ, ನಡುರಾತ್ರಿಯಾದರೂ ಹೊರಡು. ಬಿ.ಪಿ. ಮಾತ್ರೆ ತಪ್ಪಿಸಬೇಡ. ಇನ್ನೊಂದು ಮರೆತಿದ್ದೆ, ಮನೆಯಲ್ಲಿ ಇಬ್ಬರಿಗೆ ಬಂದದ್ದರಿಂದ ನಿನ್ನ ಅಮ್ಮನಿಗೂ ಒಮ್ಮೆ ಸ್ಕ್ಯಾನ್ ಮಾಡಿಸಿ ಎಂದರು. ಅವಳಿಗೆ ನೀನೇ ಹೇಳು, ನಾನು ಹೇಳಿದರೆ ಹೆದರುತ್ತಾಳೆ.

ಗುಳ್ಳೆಯೊಳಗೆ ಕಾಯಿಲ್ ಎನ್ನುವ ತೆಳು ಲೋಹದ ಸುರುಳಿ ಹಾಕಿ ಮುಚ್ಚುವುದಾ, ಸುಮ್ನೆ ಕಾದು ನೋಡುವುದಾ ಎಂದು ಮಂಗಳೂರಿನ ಡಾಕ್ಟರು ಹೇಳಲಿ. ಜಾಗದ ಕಾರಣಕ್ಕೆ ಅವರು ಮುಚ್ಚುವ ಕಡೆ ವಾಲಬಹುದು. ಅದನ್ನು ಕೇಳಿ ಮತ್ತೆ ಹೆದರಬೇಡ. ಆ ಕೆಲಸಕ್ಕೂ ಅದರದ್ದೇ ಅಪಾಯ ಇರುವುದರಿಂದ ಎರಡನ್ನೂ ತೂಗಿಯೇ ಹೇಳುತ್ತಾರೆ. ಅವತ್ತು ನಾನೂ ಬರುತ್ತೇನೆ, ಬೇಡ ಅನ್ನಬೇಡ.

ಒಂದು ಕೆಲಸ ಮಾಡು. ನಾಳೆ ಬೆಳಿಗ್ಗೆ ಬಾಗಿಲ ಬಳಿ ಬೆಳಕಿಗೆ ನಿಂತು ಒಂದು ಫೋಟೋ ತೆಗೆದು ಕಳಿಸು. ಎರಡೂ ಕಣ್ಣು ಚೆನ್ನಾಗಿ ಕಾಣಬೇಕು.

ನಿನ್ನ ಮಾವ